1605ನಾ, 1610ನಾ? ಮಲೆನಾಡಿನ ಮೂರು ಸಿಎನ್‌ಸಿ ಮೆಷಿನ್‌ಗಳ ಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಳ್ಳಲಾಗಿದೆ. ಬಸ್ಸಲ್ಲಿ ಕೇಳಿದವರು ಲೆಕ್ಕಕ್ಕಾಗಿ ಈ ಪುಟ ನೋಡಬಹುದು.)

ಇವತ್ತಿನ ಮಾತು ಒಂದು ಉಕ್ಕಿನ ಸರಳು ಮತ್ತು ಎರಡು ಹಲ್ಲಿನ ಪುಲ್ಲಿಗಳ ಬಗ್ಗೆ. ಕೇಳೋಕೆ ಇಷ್ಟೇನಾ ಅನ್ಸುತ್ತೆ. ಆದರೆ ಮನೆಯಲ್ಲೇ ಸಿಎನ್‌ಸಿ ರೂಟರ್ ಕಟ್ಟೋಕೆ ಹೊರಟವರ ದುಡ್ಡು ಹೆಚ್ಚಾಗಿ ಮುಳುಗೋದು ಇದೇ ಜಾಗದಲ್ಲಿ.

ನನ್ನ ಪರಿಚಯ ಎರಡು ಸಾಲಲ್ಲಿ ಹೇಳ್ತೀನಿ. ಊರು ಸಾಗರ. ಮೆಕ್ಯಾನಿಕಲ್ ಡಿಪ್ಲೊಮಾ ಆದಮೇಲೆ ಕೆಲವು ವರ್ಷ ಬೆಂಗಳೂರಿನ ಪೀಣ್ಯದಲ್ಲಿದ್ದೆ, ಈಗ ಊರಲ್ಲೇ ಇದ್ದೀನಿ. ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರು ತಾಲ್ಲೂಕಿನಲ್ಲಿ ಸಣ್ಣ ಮೆಷಿನ್ ಕಟ್ಟಿಕೊಡೋದು, ರಿಪೇರಿ ಮಾಡೋದು ನನ್ನ ಕೆಲಸ. ವಾರಕ್ಕೆ ನಾಲ್ಕೈದು ಫೋನ್ ಬರುತ್ತೆ. ಹೆಚ್ಚಿನವರದ್ದು ಒಂದೇ ಪ್ರಶ್ನೆ: "ಅಣ್ಣಾ, 1605 ತಗೊಳ್ಳಲಾ, 1610 ತಗೊಳ್ಳಲಾ?"

ನಾನು ತಿರುಗಿ ಮೂರು ಪ್ರಶ್ನೆ ಕೇಳ್ತೀನಿ. ಎಂತ ಕೊರೀತೀಯ? ಎಷ್ಟು ಉದ್ದ? ಎಷ್ಟು ಬೇಗ ಮುಗೀಬೇಕು? ಉತ್ತರ ಬರದೇ ಇದ್ದರೆ ಸ್ಕ್ರೂ ಇನ್ನೂ ತಗೋಬೇಡ ಅಂತೀನಿ. ಯಾಕಂದ್ರೆ ಸ್ಕ್ರೂ ಒಂದು ಸಲ ಕೂತಮೇಲೆ ಅದರ ಲೆಕ್ಕಕ್ಕೇ ಪ್ಲೇಟ್, ತೂತು, ಬೇರಿಂಗ್ ಬ್ಲಾಕ್ ಎಲ್ಲ ಕೂತಿರುತ್ತೆ. ಆಮೇಲೆ ಬದಲಾಯಿಸೋದು ಅಂದ್ರೆ ಅರ್ಧ ಮೆಷಿನ್ ಬಿಚ್ಚೋದು. ಅಡಿಕೆ ಕೊಯ್ಲಿನ ದುಡ್ಡಲ್ಲೋ, ಸೊಸೈಟಿ ಸಾಲದಲ್ಲೋ ಮೆಷಿನ್ ಕಟ್ಟೋ ಹುಡುಗನಿಗೆ ಅದು ಸಣ್ಣ ಏಟಲ್ಲ.

ಮೊದಲು ಹೆಸರಿನ ಅರ್ಥ

1605 ಅಂದ್ರೆ 16 ಮಿ.ಮೀ. ವ್ಯಾಸ, 5 ಮಿ.ಮೀ. ಲೀಡ್. ಲೀಡ್ ಅಂದ್ರೆ ಸ್ಕ್ರೂ ಒಂದು ಸುತ್ತು ತಿರುಗಿದರೆ ನಟ್ ಎಷ್ಟು ಮುಂದೆ ಹೋಗುತ್ತೆ ಅನ್ನೋದು. 1610 ಅಂದ್ರೆ ಅದೇ ದಪ್ಪ, ಸುತ್ತಿಗೆ 10 ಮಿ.ಮೀ. 2510 ಅಂದ್ರೆ 25 ದಪ್ಪ, 10 ಲೀಡ್.

ಮಾಮೂಲಿ ನಟ್ಟು ಬೋಲ್ಟಲ್ಲಿ ಲೋಹ ಲೋಹವನ್ನು ಉಜ್ಜುತ್ತೆ. ಬಾಲ್ ಸ್ಕ್ರೂನಲ್ಲಿ ಮಧ್ಯೆ ಗುಂಡುಗಳು ಉರುಳ್ತಾ ಹೋಗಿ, ಒಂದು ದಾರಿಯಲ್ಲಿ ವಾಪಸ್ ಬಂದು ಮತ್ತೆ ಉರುಳ್ತವೆ. ಎಷ್ಟೋ ಲಾರಿಗಳ ಸ್ಟೀರಿಂಗ್ ಬಾಕ್ಸ್‌ನಲ್ಲೂ ಇದೇ ಉಪಾಯ ಇದೆ. ಹೀಗಾಗಿ ಮೋಟಾರ್ ಕೊಟ್ಟ ಶಕ್ತಿಯಲ್ಲಿ ಶೇ. 90ರಷ್ಟು ಕೆಲಸಕ್ಕೆ ಸಿಗುತ್ತೆ. ಇದರಿಂದ ಒಂದು ತೊಂದರೆಯೂ ಇದೆ, ಕರೆಂಟ್ ಹೋಗೋ ಮಾತು ಬಂದಾಗ ಹೇಳ್ತೀನಿ.

ಇನ್ನು ಬಲದ ಲೆಕ್ಕ. ಮೋಟಾರ್‌ನ ಟಾರ್ಕನ್ನು ನ್ಯೂಟನ್ ಮೀಟರ್‌ನಲ್ಲಿ ತಗೊಳ್ಳಿ. ಅದನ್ನು 6.28ರಿಂದ ಗುಣಿಸಿ, ಮತ್ತೆ 0.9ರಿಂದ ಗುಣಿಸಿ, ಲೀಡನ್ನು ಮೀಟರ್‌ನಲ್ಲಿ ಬರೆದು ಅದರಿಂದ ಭಾಗಿಸಿ. ಅಷ್ಟು ನ್ಯೂಟನ್ ತಳ್ಳುವ ಬಲ. ನೆಮಾ 23 ಸ್ಟೆಪ್ಪರ್ ಮೇಲೆ 1.9 ನ್ಯೂಟನ್ ಮೀಟರ್ ಅಂತ ಬರೆದಿರುತ್ತೆ. ಅದು ನಿಂತಿದ್ದಾಗಿನ ಬಲ. ನಿಮಿಷಕ್ಕೆ 600 ಸುತ್ತು ಓಡುವಾಗ ಅದರ ಮೂರನೇ ಒಂದು ಭಾಗ ಸಿಕ್ಕರೆ ಸಿಕ್ತು. 0.6 ಅಂತ ಇಟ್ಕೊಳ್ಳಿ. 5 ಮಿ.ಮೀ. ಲೀಡ್‌ಗೆ ಸುಮಾರು 680 ನ್ಯೂಟನ್, ಅಂದ್ರೆ 69 ಕೆ.ಜಿ. ತೂಕದಷ್ಟು. 10 ಮಿ.ಮೀ. ಲೀಡ್‌ಗೆ ಅದರ ಅರ್ಧ. ಸ್ಟೆಪ್ಪರ್ ಮೋಟಾರ್ ಸೋತರೆ ಹೇಳಲ್ಲ, ಸುಮ್ನೆ ಸ್ಟೆಪ್ ಬಿಟ್ಟು ಮುಂದೆ ಹೋಗುತ್ತೆ. ಹಾಗಾಗಿ ಬಂದ ಬಲದಲ್ಲಿ ಅರ್ಧ ಮಾತ್ರ ನಂಬಿ. ಆದರೂ ಮರ ಕೊರೆಯೋ 3 ಮಿ.ಮೀ. ಬಿಟ್‌ಗೆ ಇದು ಧಾರಾಳ ಸಾಕು.

ಬಲ ಸಾಕು ಅಂತಾದ್ರೆ ಸ್ಕ್ರೂ ಆರಿಸೋದು ಯಾವುದರ ಮೇಲೆ? ಉದ್ದ, ವೇಗ, ಕೆಲಸದ ಬಗೆ. ಮೂರು ಊರಿನ ಮೂರು ಮೆಷಿನ್ ಇಟ್ಕೊಂಡು ನೋಡೋಣ.

ಸಾಗರ: ಗಂಧ ಕೆತ್ತುವ ಮೆಷಿನ್

ಸಾಗರ, ಸೊರಬದ ಗುಡಿಗಾರರ ಗಂಧದ ಕೆತ್ತನೆ ನಿಮಗೆ ಗೊತ್ತಿರುತ್ತೆ. ಅದೇ ಕಸುಬಿನ ಒಂದು ಮನೆಯವರು ನನ್ನ ಹತ್ತಿರ ಬಂದ್ರು. ಅಪ್ಪ ಉಳಿ ಹಿಡಿಯೋರು, ಮಗ ಕಂಪ್ಯೂಟರ್‌ನಲ್ಲಿ ಡಿಸೈನ್ ಮಾಡೋನು. ಬೇಕಿದ್ದು ಒಂದಡಿ ಚದರದ ಉಬ್ಬುಕೆತ್ತನೆ ಫಲಕ. ಹೆಚ್ಚಿನದು ಶಿವನೆ ಮರ, ಕೆಲವು ಮಾತ್ರ ಗಂಧ.

ಉಬ್ಬುಕೆತ್ತನೆಯಲ್ಲಿ ಎಷ್ಟು ದೂರ ಓಡಬೇಕು ನೋಡಿ. 300 ಮಿ.ಮೀ. ಚದರದ ಫಲಕ, 3 ಮಿ.ಮೀ. ಗುಂಡು ತುದಿಯ ಬಿಟ್. ನುಣುಪಾಗಿ ಬರಬೇಕಾದ್ರೆ ಒಂದು ಗೆರೆಗೂ ಇನ್ನೊಂದು ಗೆರೆಗೂ 0.3 ಮಿ.ಮೀ. ಅಂತರ. ಅಂದ್ರೆ ಸಾವಿರ ಗೆರೆ, ಗೆರೆಗೆ 300 ಮಿ.ಮೀ. ಒಟ್ಟು 300 ಮೀಟರ್. ನಿಮಿಷಕ್ಕೆ 3 ಮೀಟರ್ ಓಡಿದರೆ 100 ನಿಮಿಷ.

ಆದರೆ ಬಿಟ್ ನೇರ ಓಡಲ್ಲ. ದೇವರ ಮೂಗು ಹತ್ತಬೇಕು, ಕೆನ್ನೆ ಇಳೀಬೇಕು. 45 ಡಿಗ್ರಿ ಇಳಿಜಾರಿನಲ್ಲಿ ಎಕ್ಸ್ ಎಷ್ಟು ಓಡುತ್ತೋ ಝಡ್ ಅಷ್ಟೇ ಓಡಬೇಕು. ಝಡ್ ನಿಧಾನ ಇದ್ದರೆ ಇಡೀ ಮೆಷಿನ್ ಅದಕ್ಕೋಸ್ಕರ ಕಾಯುತ್ತೆ. ಝಡ್‌ನ ಮಿತಿ ನಿಮಿಷಕ್ಕೆ 1 ಮೀಟರ್ ಆದರೆ, 45 ಡಿಗ್ರಿ ಇಳಿಜಾರಿನಲ್ಲಿ ನೀವು 3 ಮೀಟರ್ ಅಂತ ಬರೆದರೂ ಸಿಗೋದು 1.4 ಮೀಟರ್. 100 ನಿಮಿಷದ ಕೆಲಸ ಮೂರು ಗಂಟೆ ದಾಟುತ್ತೆ. "ಝಡ್ ಸಣ್ಣದು, ಹೇಗಿದ್ರೂ ನಡಿಯುತ್ತೆ" ಅಂತ ಅಲ್ಲಿ ದುಡ್ಡು ಉಳಿಸೋರು ಜಾಸ್ತಿ. ಕೆತ್ತನೆ ಮೆಷಿನ್‌ಗೆ ಅದು ಸರಿಹೋಗಲ್ಲ.

ಹಾಗಾದ್ರೆ ಝಡ್‌ಗೆ 10 ಲೀಡ್ ಹಾಕೋಣ್ವಾ? ಇಲ್ಲಿ ಕರೆಂಟಿನ ಮಾತು ಬರುತ್ತೆ. ಲಿಂಗನಮಕ್ಕಿ ಪಕ್ಕದಲ್ಲೇ ಇದೆ, ಕರೆಂಟ್ ಹುಟ್ಟೋದೇ ನಮ್ಮಲ್ಲಿ. ಆದರೂ ಆಷಾಢದ ಗಾಳಿಗೆ ಒಂದು ಮರ ತಂತಿ ಮೇಲೆ ಬಿದ್ದರೆ ಮುಗೀತು. ಬಾಲ್ ಸ್ಕ್ರೂ ಅಷ್ಟು ನುಣುಪಾಗಿ ಓಡೋದರಿಂದ ಅದು ತನ್ನಷ್ಟಕ್ಕೆ ಹಿಡ್ಕೊಂಡು ನಿಲ್ಲಲ್ಲ. ಕರೆಂಟ್ ಹೋದ ತಕ್ಷಣ ಸ್ಪಿಂಡಲ್‌ನ ಭಾರ ಸ್ಕ್ರೂನ ಹಿಂದಕ್ಕೆ ತಿರುಗಿಸೋಕೆ ನೋಡುತ್ತೆ.

ಲೆಕ್ಕ ಹಾಕೋಣ. 800 ವ್ಯಾಟ್ ಸ್ಪಿಂಡಲ್, ಕ್ಲ್ಯಾಂಪ್, ಪ್ಲೇಟ್ ಎಲ್ಲ ಸೇರಿ 5 ಕೆ.ಜಿ. ಅಂದ್ರೆ 50 ನ್ಯೂಟನ್. 5 ಲೀಡ್ ಇದ್ದರೆ ಮೋಟಾರ್ ಶಾಫ್ಟ್ ಮೇಲೆ ಬೀಳೋ ಟಾರ್ಕ್ ಸುಮಾರು 0.036 ನ್ಯೂಟನ್ ಮೀಟರ್. 10 ಲೀಡ್ ಇದ್ದರೆ 0.072. ಕರೆಂಟ್ ಇಲ್ಲದಾಗಲೂ ನೆಮಾ 23 ಮೋಟಾರ್ ಕೈಯಲ್ಲಿ ತಿರುಗಿಸಿದರೆ ಸ್ವಲ್ಪ ತಡೆಯುತ್ತಲ್ಲ, ಆ ತಡೆ ಸುಮಾರು 0.04ರಿಂದ 0.07. ಅಂದ್ರೆ 5 ಲೀಡ್ ನಿಲ್ಲುತ್ತೆ, 10 ಲೀಡ್ ಅಂಚಿನಲ್ಲಿದೆ. ಅದೇ ಜಾಗಕ್ಕೆ 2.2 ಕಿಲೋವ್ಯಾಟ್ ಸ್ಪಿಂಡಲ್ ಹಾಕಿ ಒಟ್ಟು ಭಾರ 8 ಕೆ.ಜಿ. ಮಾಡಿದ್ರೆ 10 ಲೀಡ್ ಖಂಡಿತ ಜಾರುತ್ತೆ, 5 ಲೀಡ್ ಅಂಚಿಗೆ ಬರುತ್ತೆ. ಆಗ ಬ್ರೇಕ್ ಇರೋ ಮೋಟಾರ್ ಅಥವಾ ಭಾರ ಹೊರೋ ಗ್ಯಾಸ್ ಸ್ಪ್ರಿಂಗ್ ಬೇಕು.

ಈ ಮನೆಗೆ ಆರಿಸಿದ್ದು ಮೂರೂ ಅಕ್ಷಕ್ಕೆ 1605, ಮೋಟಾರ್ ನೇರ ಜೋಡಣೆ, ಹಗುರ ಸ್ಪಿಂಡಲ್. ನಿಮಿಷಕ್ಕೆ 600 ಸುತ್ತಿಗೆ 3 ಮೀಟರ್ ಓಡುತ್ತೆ, ಝಡ್ ಕೂಡ ಅಷ್ಟೇ ಓಡುತ್ತೆ.

ಇನ್ನೊಂದು ಎಚ್ಚರಿಕೆ. ಕೆಲವರು ಕಂಟ್ರೋಲರ್‌ಗೆ, ಮೋಟಾರ್ ಡ್ರೈವರ್‌ಗೆ ಯುಪಿಎಸ್ ಕೊಟ್ಟು ಸ್ಪಿಂಡಲ್‌ನ ನೇರ ಲೈನಿಗೆ ಬಿಟ್ಟಿರ್ತಾರೆ. ಕರೆಂಟ್ ಹೋದಾಗ ಸ್ಪಿಂಡಲ್ ನಿಲ್ಲುತ್ತೆ, ಮೆಷಿನ್ ಮಾತ್ರ ಮುಂದೆ ಹೋಗ್ತಾನೇ ಇರುತ್ತೆ. ತಿರುಗದ ಬಿಟ್ ಮರಕ್ಕೆ ನುಗ್ಗುತ್ತೆ. ಶಿವನೆ ಆದರೆ ಇನ್ನೊಂದು ಹಲಗೆ ತಗೋಬಹುದು. ಗಂಧ ಆದರೆ? ತೂಕದ ಮೇಲೆ ಕೊಂಡು ತಂದ ಮರ ಅದು. ಸ್ಪಿಂಡಲ್ ನಿಂತರೆ ಅಕ್ಷಗಳೂ ನಿಲ್ಲಬೇಕು, ಅದಕ್ಕೊಂದು ರಿಲೇ ಸಾಕು.

ಹೊಸನಗರ: ಬಾಗಿಲು ಕೊರೆಯುವ ಮೆಷಿನ್

ಎರಡನೇದು ಹೊಸನಗರ ಕಡೆಯ ಒಬ್ಬ ಬಡಗಿ. ಬಾಗಿಲು, ದೇವರ ಮನೆ ಚೌಕಟ್ಟು ಮಾಡೋರು. ಏಳಡಿ ಬಾಗಿಲು ಕೂರಬೇಕು ಅಂದ್ರೆ ಉದ್ದದ ಅಕ್ಷಕ್ಕೆ 2400 ಮಿ.ಮೀ. ಬೇಕು. ಅವರು 1605 ಸ್ಕ್ರೂ ಆರ್ಡರ್ ಮಾಡೋದರಲ್ಲಿದ್ರು. ನಾನು "ತಡೀರಿ ಮಾರಾಯ್ರೆ" ಅಂದೆ.

ಉದ್ದದ ಸರಳನ್ನು ವೇಗವಾಗಿ ತಿರುಗಿಸಿದರೆ ಅದು ಹಗ್ಗದಾಟದ ಹಗ್ಗದ ಹಾಗೆ ಬಿಲ್ಲಾಗಿ ಬಡಿಯೋಕೆ ಶುರು ಮಾಡುತ್ತೆ. ಅದರ ಮಿತಿ ಲೆಕ್ಕ ಹಾಕೋ ಸೂತ್ರ ಇದು. ಸ್ಕ್ರೂನ ತಳ ವ್ಯಾಸ, ಅಂದ್ರೆ ಹಲ್ಲಿನ ಬುಡದ ವ್ಯಾಸ ತಗೊಳ್ಳಿ. ಉದ್ದದ ವರ್ಗದಿಂದ ಭಾಗಿಸಿ. ಒಂದು ಕೋಟಿಯಿಂದ ಗುಣಿಸಿ. ಆಮೇಲೆ ತುದಿ ಹೇಗೆ ಹಿಡಿದಿದ್ದೀರಿ ಅನ್ನೋದರ ಮೇಲೆ ಒಂದು ಸಂಖ್ಯೆಯಿಂದ ಗುಣಿಸಿ. ಒಂದು ತುದಿ ಗಟ್ಟಿ, ಇನ್ನೊಂದು ತುದಿ ಆಧಾರ, ಅಂದ್ರೆ ನಾವು ಹಾಕೋ ಬಿಕೆ ಮತ್ತು ಬಿಎಫ್ ಬ್ಲಾಕ್ ಜೋಡಿಗೆ 15.1. ಎರಡೂ ಬರೀ ಆಧಾರ ಆದರೆ 9.7. ಎರಡೂ ಗಟ್ಟಿ ಆದರೆ 21.9. ಒಂದು ತುದಿ ಬಿಟ್ಟೇ ಬಿಟ್ಟಿದ್ದರೆ 3.4. ಸುರಕ್ಷತೆಯ ಅಂಶ ಇದರಲ್ಲೇ ಸೇರಿದೆ.

16 ಮಿ.ಮೀ. ಸ್ಕ್ರೂನ ತಳ ವ್ಯಾಸ ಸುಮಾರು 13.5. ಒಂದು ಮೀಟರ್ ಉದ್ದಕ್ಕೆ ಮಿತಿ ನಿಮಿಷಕ್ಕೆ ಸುಮಾರು 2000 ಸುತ್ತು, ಚಿಂತೆ ಇಲ್ಲ. ಒಂದೂವರೆ ಮೀಟರ್‌ಗೆ 900. 2400 ಮಿ.ಮೀ.ಗೆ 350. ಉದ್ದ ಎರಡು ಪಟ್ಟಾದರೆ ಮಿತಿ ಕಾಲು ಭಾಗಕ್ಕೆ ಇಳಿಯುತ್ತೆ, ಅದನ್ನು ನೆನಪಿಟ್ಕೊಳ್ಳಿ. 350 ಸುತ್ತಿಗೆ 5 ಮಿ.ಮೀ. ಅಂದ್ರೆ ನಿಮಿಷಕ್ಕೆ 1.75 ಮೀಟರ್. ಬಾಗಿಲಿನ ಈ ತುದಿಯಿಂದ ಆ ತುದಿಗೆ ಖಾಲಿ ಹೋಗೋಕೇ ಒಂದು ನಿಮಿಷದ ಮೇಲೆ.

ದಪ್ಪ ಸ್ಕ್ರೂ ಹಾಕೋಣ ಅಂದ್ರು. 2510 ಆದರೆ 2400 ಉದ್ದಕ್ಕೆ ಮಿತಿ ಸುಮಾರು 560 ಸುತ್ತು, ಅಂದ್ರೆ 5.6 ಮೀಟರ್. ಓಹೋ ಅನ್ಸುತ್ತೆ. ಆದರೆ ಆ ಸರಳನ್ನು ತಿರುಗಿಸಿ ನಿಲ್ಲಿಸೋದು ಯಾರು? ತಿರುಗೋ ವಸ್ತುವಿನ ಜಡತ್ವ ವ್ಯಾಸದ ನಾಲ್ಕನೇ ಘಾತದಲ್ಲಿ ಏರುತ್ತೆ. 16ರಿಂದ 25ಕ್ಕೆ ಹೋದರೆ ಸುಮಾರು 6 ಪಟ್ಟು. ಇನ್ನೊಂದು ತಮಾಷೆ ಕೇಳಿ. 5 ಲೀಡ್‌ನ ಒಂದೂವರೆ ಮೀಟರ್ ಸ್ಕ್ರೂ 30 ಕೆ.ಜಿ. ಗ್ಯಾಂಟ್ರಿಯನ್ನು ಎಳೀತಿದೆ ಅಂತ ಇಟ್ಕೊಳ್ಳಿ. ಮೋಟಾರ್‌ಗೆ ಗ್ಯಾಂಟ್ರಿಗಿಂತ ಆ 16 ಮಿ.ಮೀ. ಸ್ಕ್ರೂನ ಜಡತ್ವವೇ 3 ಪಟ್ಟು ಹೆಚ್ಚು ಅನ್ಸುತ್ತೆ. 25 ಮಿ.ಮೀ. ಆದರೆ 20 ಪಟ್ಟು. ನಮ್ಮ ಹುಡುಗರು ಗ್ಯಾಂಟ್ರಿಯಿಂದ ಅರ್ಧ ಕೆ.ಜಿ. ಇಳಿಸೋಕೆ ಅಲ್ಯೂಮಿನಿಯಂ ಪ್ಲೇಟ್‌ಗೆ ತೂತು ಕೊರೀತಾರೆ, ಭಾರ ಇರೋದು ಬೇರೆ ಕಡೆ.

ಅದಕ್ಕೆ ಉದ್ದದ ಅಕ್ಷಕ್ಕೆ ಸ್ಕ್ರೂ ಬೇಡ, ರ‍್ಯಾಕ್ ಮತ್ತು ಪಿನಿಯನ್ ಸಾಕು ಅಂತ ತೀರ್ಮಾನ ಆಯ್ತು. ಎಷ್ಟು ಉದ್ದ ಆದರೂ ರ‍್ಯಾಕ್ ತಿರುಗಲ್ಲ, ಬಡಿಯಲ್ಲ. ಆದರೆ ಇಲ್ಲಿ ರೇಷಿಯೋ ಇಲ್ಲದೆ ಕೆಲಸ ಆಗಲ್ಲ. ಮಾಡ್ಯೂಲ್ 1, 20 ಹಲ್ಲಿನ ಪಿನಿಯನ್ ಒಂದು ಸುತ್ತಿಗೆ 62.8 ಮಿ.ಮೀ. ಓಡುತ್ತೆ. ನೇರ ಜೋಡಿಸಿದರೆ ಸ್ಟೆಪ್ಪರ್‌ನ ಒಂದು ಪೂರ್ತಿ ಸ್ಟೆಪ್‌ಗೆ 0.31 ಮಿ.ಮೀ., ತಳ್ಳೋ ಬಲ ಬರೀ 60 ನ್ಯೂಟನ್. ಅದೇ 4ಕ್ಕೆ 1ರ ಬೆಲ್ಟ್ ರಿಡಕ್ಷನ್ ಹಾಕಿ. ಮೋಟಾರ್‌ನ ಒಂದು ಸುತ್ತಿಗೆ 15.7 ಮಿ.ಮೀ. 600 ಸುತ್ತಿಗೆ ನಿಮಿಷಕ್ಕೆ 9.4 ಮೀಟರ್. ಬಲ ನಾಲ್ಕು ಪಟ್ಟು. ಗ್ಯಾಂಟ್ರಿಯ ಎರಡೂ ಬದಿಗೆ ಒಂದೊಂದು ಮೋಟಾರ್. ಪಿನಿಯನ್ನನ್ನು ಸ್ಪ್ರಿಂಗ್‌ನಿಂದ ರ‍್ಯಾಕ್‌ಗೆ ಒತ್ತಿಟ್ಟರೆ ಸಡಿಲ ಉಳಿಯಲ್ಲ. ಅಡ್ಡ ಅಕ್ಷ 1300 ಮಿ.ಮೀ., ಅಲ್ಲಿ 1610 ಸಾಕಾಯ್ತು. ಮಿತಿ 1200 ಸುತ್ತು, ನಾವು ಓಡಿಸೋದು 600.

"ರ‍್ಯಾಕ್‌ನಲ್ಲಿ ಅಷ್ಟು ನಿಖರತೆ ಬರುತ್ತಾ?" ಅಂತ ಅವರು ಕೇಳಿದ್ರು. ಬಾಗಿಲಿಗೆ 0.1 ಮಿ.ಮೀ. ತಪ್ಪು ಕಣ್ಣಿಗೆ ಕಾಣಲ್ಲ. ಒಂದಡಿ ಅಗಲದ ಹಲಗೆ ಬೇಸಿಗೆಯಿಂದ ಮಳೆಗಾಲಕ್ಕೆ ಎರಡು ಮಿ.ಮೀ. ಹಿಗ್ಗೋದು ನಮ್ಮ ಕಡೆ ದೊಡ್ಡ ಸಂಗತಿ ಅಲ್ಲ. ಶ್ರಾವಣದಲ್ಲಿ ಬಚ್ಚಲುಮನೆ ಬಾಗಿಲು ಹಾಕೋಕೆ ಒದ್ದಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ತೀರ್ಥಹಳ್ಳಿ: ಅಡಿಕೆ ಮೆಷಿನ್‌ಗೆ ಬಿಡಿಭಾಗ

ಮೂರನೇದು ತೀರ್ಥಹಳ್ಳಿಯ ಒಂದು ವರ್ಕ್‌ಶಾಪ್. ಅಡಿಕೆ ಸುಲಿಯೋ ಮೆಷಿನ್ ರಿಪೇರಿ ಮಾಡ್ತಾರೆ. ಕೊಯ್ಲಿನ ಹೊತ್ತಲ್ಲಿ ಒಂದು ಪ್ಲೇಟ್ ಮುರಿದರೆ ಅದು ಹೊರಗಿನಿಂದ ಬರೋ ತನಕ ರೈತನ ಅಂಗಳದಲ್ಲಿ ಹಸಿ ಅಡಿಕೆ ಬಿದ್ದಿರುತ್ತೆ. ಅದಕ್ಕೆ ಅಲ್ಯೂಮಿನಿಯಂ ಪ್ಲೇಟ್, ಬೇರಿಂಗ್ ಹೌಸಿಂಗ್ ಇಲ್ಲೇ ಕೊರೀಬೇಕು ಅನ್ನೋದು ಅವರ ಆಸೆ. ಬೆಡ್ ಚಿಕ್ಕದು, 400 × 300.

ಇಲ್ಲಿ ವೇಗ ಮುಖ್ಯ ಅಲ್ಲ. 6 ಮಿ.ಮೀ.ನ ಒಂದೇ ಅಲಗಿನ ಬಿಟ್, 15,000 ಸುತ್ತು, ಸುತ್ತಿಗೆ 0.05 ಮಿ.ಮೀ. ಚಿಪ್ಪು ಅಂದ್ರೆ ನಿಮಿಷಕ್ಕೆ 750 ಮಿ.ಮೀ. ಅಷ್ಟೇ ಸಾಕು. ಆದರೆ 6204 ಬೇರಿಂಗ್‌ನ ಹೊರವ್ಯಾಸ 47 ಮಿ.ಮೀ. ಅದು ಕೂರೋ ತೂತು ಮಿಲಿಮೀಟರ್‌ನ ನೂರರಲ್ಲಿ ಎರಡು ಮೂರು ಭಾಗ ಮಾತ್ರ ಹೆಚ್ಚಿರಬಹುದು.

ಇಲ್ಲಿ 1605ಕ್ಕೆ 2ಕ್ಕೆ 1ರ ರಿಡಕ್ಷನ್ ಹಾಕಿದ್ವಿ. ಮೋಟಾರ್ ಮೇಲೆ 20 ಹಲ್ಲು, ಸ್ಕ್ರೂ ಮೇಲೆ 40 ಹಲ್ಲು. ಮೋಟಾರ್‌ನ ಒಂದು ಸುತ್ತಿಗೆ 2.5 ಮಿ.ಮೀ. 750 ಮಿ.ಮೀ. ಓಡೋಕೆ ಮೋಟಾರ್ 300 ಸುತ್ತು ತಿರುಗಬೇಕು. ಆ ವೇಗದಲ್ಲಿ ಸ್ಟೆಪ್ಪರ್‌ಗೆ ಒಳ್ಳೆ ಬಲ ಇರುತ್ತೆ. ಟಾರ್ಕ್ ಎರಡು ಪಟ್ಟು ಸಿಗುತ್ತೆ ಅನ್ನೋದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ ಇನ್ನೊಂದು ಲಾಭ ಇದೆ. ಸ್ಟೆಪ್ಪರ್ ಮೋಟಾರ್ ಒಂದು ಸ್ಪ್ರಿಂಗ್ ಇದ್ದ ಹಾಗೆ, ಭಾರ ಬಿದ್ದರೆ ಸ್ವಲ್ಪ ಬಾಗುತ್ತೆ. 2ಕ್ಕೆ 1ರ ರಿಡಕ್ಷನ್‌ನಿಂದ ಆ ಬಿಗಿತ 4 ಪಟ್ಟು ಏರುತ್ತೆ. ಲೋಹ ಕೊರೆಯೋರಿಗೆ ಬೇಕಾಗಿರೋದು ಇದೇ.

ಆದರೆ ಒಂದು ಮಾತು ಸ್ಪಷ್ಟವಾಗಿ ಕೇಳಿಸ್ಕೊಳ್ಳಿ. ಪುಲ್ಲಿ ರಿಡಕ್ಷನ್‌ನಿಂದ ನಟ್‌ನ ಸಡಿಲ, ಅಂದ್ರೆ ಬ್ಯಾಕ್‌ಲ್ಯಾಶ್, ಒಂಚೂರೂ ಕಡಿಮೆ ಆಗಲ್ಲ. ನಟ್ ಇರೋದು ಪುಲ್ಲಿ ಆದಮೇಲೆ. ಅದು ಸಡಿಲ ಇದ್ದರೆ ಸಡಿಲವೇ. ಪರೀಕ್ಷೆ ಸುಲಭ: ಒಂದು ವೃತ್ತ ಕೊರೀರಿ. ಅಕ್ಷ ದಿಕ್ಕು ಬದಲಾಯಿಸೋ ನಾಲ್ಕು ಜಾಗದಲ್ಲಿ ಗುರುತೋ, ಚಪ್ಪಟೆಯೋ ಕಂಡರೆ ಅದು ಬ್ಯಾಕ್‌ಲ್ಯಾಶ್. ಪ್ರೀಲೋಡ್ ಇರೋ ನಟ್ ಅಥವಾ ಜೋಡಿ ನಟ್ ಹಾಕಬೇಕು. ಅದಕ್ಕೂ ಮುಂಚೆ ಬಿಕೆ ಬ್ಲಾಕ್‌ನ ಲಾಕ್‌ನಟ್ ಬಿಗಿ ಇದೆಯಾ ನೋಡಿ, ಎಷ್ಟೋ ಸಲ ದೋಷ ಅಲ್ಲೇ ಇರುತ್ತೆ.

ಸಿ7, ಸಿ5 ಅಂತ ಮಾರ್ತಾರಲ್ಲ, ಅದು ಬೇರೆ ಲೆಕ್ಕ. ಸಿ7 ಸ್ಕ್ರೂ 300 ಮಿ.ಮೀ. ಓಟದಲ್ಲಿ ಸುಮಾರು 0.05 ಮಿ.ಮೀ. ಆಚೀಚೆ ಆಗಬಹುದು. ಸಿ5 ಆದರೆ 0.023. ಆ ತಪ್ಪು ಹೆಚ್ಚುಕಡಿಮೆ ಒಂದೇ ಸಮ ಹರಡಿರೋದರಿಂದ ಕಂಟ್ರೋಲರ್‌ನಲ್ಲಿ ಮಿಲಿಮೀಟರ್‌ಗೆ ಎಷ್ಟು ಸ್ಟೆಪ್ ಅನ್ನೋ ಸಂಖ್ಯೆ ತಿದ್ದಿದರೆ ಬಹಳಷ್ಟು ಸರಿಹೋಗುತ್ತೆ. ಮನೆ ಮೆಷಿನ್‌ಗೆ ಸಿ7 ಸಾಕು. ಉಳಿದ ದುಡ್ಡು ಫ್ರೇಮ್‌ಗೆ ಹಾಕಿ. ಫ್ರೇಮ್ ಅಲ್ಲಾಡಿದರೆ ಯಾವ ಸ್ಕ್ರೂನೂ ಕಾಪಾಡಲ್ಲ.

ರೇಷಿಯೋ ಯಾವಾಗ, ಎಷ್ಟು

ಈಗ ಒಟ್ಟು ಮಾಡಿ ಹೇಳ್ತೀನಿ. ಮೋಟಾರ್ ಮತ್ತು ಸ್ಕ್ರೂ ಮಧ್ಯೆ ಬೆಲ್ಟ್ ಹಾಕಿದರೆ ದೊಡ್ಡ ಅನುಕೂಲ ಏನಂದ್ರೆ, ನಾಳೆ ಮನಸ್ಸು ಬದಲಾದರೆ ಪುಲ್ಲಿ ಬದಲಾಯಿಸಬಹುದು. ಸ್ಕ್ರೂ ಬದಲಾಯಿಸೋದಕ್ಕಿಂತ ಎಷ್ಟೋ ಅಗ್ಗ.

ಆದರೆ 1605ಕ್ಕೆ ಮೋಟಾರ್ ಕಡೆ 40, ಸ್ಕ್ರೂ ಕಡೆ 20 ಹಲ್ಲು ಹಾಕಿ ಅದನ್ನು 1610 ಮಾಡ್ತೀನಿ ಅನ್ನೋರು ಸ್ವಲ್ಪ ಯೋಚಿಸಿ. ಓಟ ಅಷ್ಟೇ ಬರುತ್ತೆ, ಆದರೆ ಸ್ಕ್ರೂ ಎರಡು ಪಟ್ಟು ವೇಗವಾಗಿ ತಿರುಗುತ್ತೆ. ಗಿಡ್ಡ ಸ್ಕ್ರೂ ಆದರೆ ತೊಂದರೆ ಇಲ್ಲ, ಉದ್ದದ್ದು ಬಡಿಯುತ್ತೆ. ಇದರ ಉಲ್ಟಾ ಒಳ್ಳೇದು. ಉದ್ದದ ಅಕ್ಷಕ್ಕೆ 10 ಲೀಡ್ ಹಾಕಿ 2ಕ್ಕೆ 1 ರಿಡಕ್ಷನ್ ಕೊಟ್ಟರೆ ಓಟ 5 ಲೀಡ್‌ನಷ್ಟೇ, ಸ್ಕ್ರೂ ಮಾತ್ರ ಅರ್ಧ ವೇಗದಲ್ಲಿ ತಿರುಗುತ್ತೆ, ಮತ್ತು ದಪ್ಪ ಸ್ಕ್ರೂನ ಜಡತ್ವ ಮೋಟಾರ್‌ಗೆ ಕಾಲು ಭಾಗ ಮಾತ್ರ ಕಾಣುತ್ತೆ.

ಮೋಟಾರ್ ಯಾವುದು ಅನ್ನೋದೂ ಮುಖ್ಯ. ಸ್ಟೆಪ್ಪರ್‌ಗೆ 600 ಸುತ್ತು ದಾಟಿದರೆ ಉಸಿರು ಕಟ್ಟುತ್ತೆ, ಹಾಗಾಗಿ ಸ್ಕ್ರೂಗೆ ಜಾಸ್ತಿ ರಿಡಕ್ಷನ್ ಬೇಡ. ಸರ್ವೋ ಆದರೆ 3000 ಸುತ್ತಿನ ತನಕ ಪೂರ್ತಿ ಟಾರ್ಕ್ ಕೊಡುತ್ತೆ. ಅದನ್ನು 5 ಲೀಡ್‌ಗೆ ನೇರ ಜೋಡಿಸಿದರೆ ನಿಮಿಷಕ್ಕೆ 15 ಮೀಟರ್, ನಮ್ಮ ಮರದ ಕೆಲಸಕ್ಕೆ ಅಷ್ಟು ಬೇಡವೇ ಬೇಡ. ಸರ್ವೋ ಹಾಕೋರು 2ಕ್ಕೆ 1 ಅಥವಾ 3ಕ್ಕೆ 1 ರಿಡಕ್ಷನ್ ಕಣ್ಮುಚ್ಚಿ ಹಾಕಬಹುದು.

ಕಂಟ್ರೋಲರ್ ಲೆಕ್ಕವನ್ನೂ ಮರೀಬೇಡಿ. ಆರ್ಡುಯಿನೋ ಊನೋ ಮೇಲೆ ಜಿಆರ್‌ಬಿಎಲ್ ಹಾಕಿದರೆ ಸೆಕೆಂಡಿಗೆ ಸುಮಾರು 30,000 ಪಲ್ಸ್ ಮಾತ್ರ ಕೊಡುತ್ತೆ. ಎಂಟರ ಮೈಕ್ರೋಸ್ಟೆಪ್, 5 ಲೀಡ್, ನೇರ ಜೋಡಣೆ ಅಂದ್ರೆ ಮಿಲಿಮೀಟರ್‌ಗೆ 320 ಪಲ್ಸ್, ನಿಮಿಷಕ್ಕೆ 5.6 ಮೀಟರ್ ತನಕ ಸರಿ. "ನುಣುಪಾಗಲಿ" ಅಂತ ಮೈಕ್ರೋಸ್ಟೆಪ್ 32 ಮಾಡಿ, ಮೇಲಿಂದ 2ಕ್ಕೆ 1 ರಿಡಕ್ಷನ್ ಹಾಕಿದರೆ ಮಿಲಿಮೀಟರ್‌ಗೆ 2560 ಪಲ್ಸ್. ಮಿತಿ ನಿಮಿಷಕ್ಕೆ 700 ಮಿ.ಮೀ.ಗೆ ಇಳಿಯುತ್ತೆ. ಮೋಟಾರ್, ಸ್ಕ್ರೂ ಎಲ್ಲ ಚೆನ್ನಾಗೇ ಇರುತ್ತೆ, ಮೆಷಿನ್ ಮಾತ್ರ ಆಮೆ ಥರ ಹೋಗುತ್ತೆ.

ಮಳೆಗಾಲ

ಇಂಟರ್ನೆಟ್‌ನಲ್ಲಿ ಸಿಗೋ ಸಲಹೆ ಹೆಚ್ಚಾಗಿ ಒಣ ಊರಿನವರದ್ದು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ಮೀರಿ ಮಳೆ ಬೀಳುತ್ತೆ. ಹೊಸನಗರದ ಹುಲಿಕಲ್ ಕಡೆಯೂ ಕಡಿಮೆ ಏನಲ್ಲ. ಜೂನ್‌ನಲ್ಲಿ ಎರಡು ವಾರ ಮುಟ್ಟದೆ ಬಿಟ್ಟ ಸ್ಕ್ರೂ ಮೇಲೆ ಕಂದು ಚುಕ್ಕೆ ಬಂದಿರುತ್ತೆ. ಆ ಚುಕ್ಕೆ ಮೇಲೆ ಗುಂಡು ಉರುಳಿದರೆ ದಾರಿ ಹಾಳು, ಮತ್ತೆ ಸರಿ ಆಗಲ್ಲ. ಹಲಸು, ಹೊನ್ನೆಯಂಥ ಮರದ ಹಸಿ ಪುಡಿ ಸ್ಕ್ರೂಗೆ ಅಂಟಿ ಕೂತರೆ ತೇವ ಅಲ್ಲೇ ನಿಲ್ಲುತ್ತೆ.

ಹಾಗಾಗಿ ಸ್ಕ್ರೂನ ಬೆಡ್ ಕೆಳಗೋ, ಮುಚ್ಚಳದ ಒಳಗೋ ಇಡಿ. ನಟ್‌ನ ಎರಡೂ ಬದಿಗೆ ವೈಪರ್ ಇರಲಿ. ನಟ್ ಒಳಗೆ ಲಿಥಿಯಂ ಗ್ರೀಸ್, ಸ್ಕ್ರೂ ಮೇಲೆ ತೆಳುವಾಗಿ ಎಣ್ಣೆ. ಕೆಲಸ ಇಲ್ಲದ ದಿನವೂ ಒಂದು ಸಲ ಈ ತುದಿಯಿಂದ ಆ ತುದಿಗೆ ಓಡಿಸಿ. ಮೆಷಿನ್ ಮೇಲೆ ಹೊದಿಕೆ ಹಾಕಿ, ಮೈಗೆ ತಾಗದ ಹಾಗೆ ಒಳಗೊಂದು 40 ವ್ಯಾಟ್‌ನ ಹಳೇ ಬಲ್ಬ್ ಉರಿಸಿದರೆ ತೇವ ಕೂರಲ್ಲ.

ಉಳಿ ಹಿಡಿದ ಕೈ

ಕೊನೆಗೆ ಒಂದು ಪ್ರಶ್ನೆ. ಸಾಗರದ ಆ ಮನೆಯ ಹಿರಿಯರು ಮೆಷಿನ್ ಓಡೋದನ್ನು ಬಹಳ ಹೊತ್ತು ನೋಡಿ ಕೇಳಿದ್ದು: "ಇದು ಬಂದಮೇಲೆ ನಮ್ಮ ಹುಡುಗರು ಉಳಿ ಯಾಕೆ ಹಿಡೀತಾರೆ?"

ಹಗುರವಾಗಿ ಉತ್ತರ ಕೊಡೋ ಪ್ರಶ್ನೆ ಅಲ್ಲ ಇದು. ಈ ಕಸುಬು ಹಿಂದೆಯೂ ಬದಲಾವಣೆ ಕಂಡಿದೆ. ಒಂದು ಕಾಲಕ್ಕೆ ದಂತದ ಕೆತ್ತನೆಯೂ ಇತ್ತು. ವನ್ಯಜೀವಿ ಕಾಯ್ದೆಗೆ 1986ರಲ್ಲಿ, ಮತ್ತೆ 1991ರಲ್ಲಿ ತಿದ್ದುಪಡಿ ಬಂದು ಆ ವ್ಯಾಪಾರ ನಿಂತಿತು, ನಿಲ್ಲಬೇಕಾದ್ದೇ. ಕೈ ಉಳೀತು, ಕೆತ್ತೋ ವಸ್ತು ಬದಲಾಯ್ತು. ಈಗ ಬಂದಿರೋದು ಕೈಗೇ ಪೈಪೋಟಿ ಕೊಡೋ ವಸ್ತು. ಅಗ್ಗದ ಫಲಕದ ದರ ಇಳಿಯುತ್ತೆ. ಇಳಿಯಲ್ಲ ಅಂತ ನಾನು ಹೇಳಲ್ಲ.

ಆದರೆ ಮೂರು ಅಕ್ಷದ ಮೆಷಿನ್‌ನ ಮಿತಿ ನನಗೆ ಗೊತ್ತು. ಬಿಟ್ ಮೇಲಿಂದ ಮಾತ್ರ ಇಳಿಯುತ್ತೆ. ಹಾರದ ಹಿಂದೆ, ಬಳ್ಳಿಯ ಅಡಿಗೆ ಅದು ಹೋಗಲ್ಲ. 3 ಮಿ.ಮೀ. ಬಿಟ್ ಮೂಲೆಯಲ್ಲಿ ಒಂದೂವರೆ ಮಿ.ಮೀ. ದುಂಡು ಬಿಟ್ಟೇ ಬಿಡುತ್ತೆ. ಮರದ ಎಳೆ ಯಾವ ಕಡೆ ಕೀಳುತ್ತೆ ಅಂತ ಅದಕ್ಕೆ ಗೊತ್ತಿಲ್ಲ, ಉಳಿ ಹಿಡಿದ ಕೈಗೆ ಗೊತ್ತು. ಅದಕ್ಕೆ ಆ ಮನೆಯಲ್ಲಿ ಒಂದು ಏರ್ಪಾಟು ಮಾಡ್ಕೊಂಡಿದ್ದಾರೆ. ಮೆಷಿನ್ ಎಲ್ಲ ಕಡೆ 1 ಮಿ.ಮೀ. ಉಳಿಸಿ ನಿಲ್ಲುತ್ತೆ, ಉಳಿದದ್ದು ಉಳಿಯ ಕೆಲಸ. ಮಗ ಬೆಳಿಗ್ಗೆ ಮೆಷಿನ್‌ಗೆ ಫೈಲ್ ಹಾಕಿ, ಅದು ಓಡೋ ಹೊತ್ತಲ್ಲಿ ಅಪ್ಪನ ಪಕ್ಕ ಕೂರ್ತಾನೆ. ಎರಡನ್ನೂ ಕಲಿತವನಿಗೆ ಕೆಲಸ ಇರುತ್ತೆ ಅನ್ನೋದು ನನ್ನ ನಂಬಿಕೆ. ಒಂದು ಮಾತ್ರ ನಾನು ಗಟ್ಟಿಯಾಗಿ ಹೇಳೋದು: ಮೆಷಿನ್‌ನಲ್ಲಿ ಮಾಡಿದ್ದನ್ನು ಕೈಕೆತ್ತನೆ ಅಂತ ಮಾರಬೇಡಿ. ನಿಮ್ಮೂರಿನ ಹೆಸರಿಗೇ ಅದು ಪೆಟ್ಟು.

ಸರಿ, ಸ್ಕ್ರೂ ತಗೊಳ್ಳೋ ಮುಂಚೆ ಒಂದು ಹಾಳೆ ಮೇಲೆ ಇಷ್ಟು ಬರೀರಿ. ಕೊರೆಯೋ ವಸ್ತು. ಪ್ರತಿ ಅಕ್ಷದ ಉದ್ದ. ಬೇಕಾದ ವೇಗ. ಝಡ್ ಮೇಲಿನ ಭಾರ. ಮೋಟಾರ್ 600 ಸುತ್ತಿನಲ್ಲಿ ಕೊಡೋ ಟಾರ್ಕ್. ಕಂಟ್ರೋಲರ್‌ನ ಪಲ್ಸ್ ಮಿತಿ. ಈ ಆರು ಸಂಖ್ಯೆ ಇದ್ದರೆ ಎಸ್.ಪಿ. ರೋಡಿನ ಅಂಗಡಿಯವನು ಏನೇ ತೋರಿಸಲಿ, ಆರಿಸೋದು ನೀವೇ.

ಕಮೆಂಟ್‌ನಲ್ಲಿ ಮೆಷಿನ್ ಫೋಟೋ ಹಾಕೋದಕ್ಕಿಂತ ಈ ಆರು ಸಂಖ್ಯೆ ಹಾಕಿ, ಒಟ್ಟಿಗೆ ಲೆಕ್ಕ ಹಾಕೋಣ. ಮುಂದಿನ ಸಂಚಿಕೆಯಲ್ಲಿ ಲೀನಿಯರ್ ರೈಲ್ ಬಗ್ಗೆ ಮಾತಾಡ್ತೀನಿ. ಅಲ್ಲಿ ತನಕ ಸ್ಕ್ರೂಗೆ ಎಣ್ಣೆ ಹಾಕ್ತಿರಿ. ನಮಸ್ಕಾರ.